ಕುರನೂರಿಗೆ ಎರಡು ನಾಯಿ, ಒಂದು ತಂಬು

ನಾಯಿ ಸಾಕಿದವರು ಸುಮ್ಮನೆ ಒಂದು ಊರಿಗೆ ಹೋಗಿ ಬಂದೆವು ಅನ್ನೋ ಹಾಗೇ ಇಲ್ಲ. ಹೋದಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ನಮ್ಮ ಮನೆಯಲ್ಲಿ ಎರಡಿವೆ. ಮೋತಿ ಬೀದಿಯಿಂದ ಬಂದ ಸಣಕಲಿ, ಯಾರಿಗೂ ಹೆದರುವವಳಲ್ಲ. ಶೇರೂ ಹೆಸರಿಗೆ ಹುಲಿ, ಮೈ ಎಮ್ಮೆ ಕರುವಿನಷ್ಟು, ಆದರೆ ಕುಕ್ಕರ್ ಸೀಟಿ ಹೊಡೆದರೂ ಮಂಚದ ಕೆಳಗೆ ಸೇರುತ್ತಾನೆ. ನಾನು ಸೋಲಾಪುರದ ಕನ್ನಡ ಶಾಲೆಯೊಂದರಲ್ಲಿ ಟೀಚರು. ನಮ್ಮ ಮನೆಯವರದು ಮೋಟಾರ್ ರಿಪೇರಿ ಅಂಗಡಿ. ಯಾರೋ ಕೆರೆ ದಂಡೆಯಲ್ಲಿ ತಂಬು ಹಾಕಿಕೊಂಡು ನಾಯಿ ಜೊತೆ ಚಹಾ ಕುಡಿಯುವುದನ್ನು ಮೊಬೈಲಿನಲ್ಲಿ ನೋಡಿ ಅವರಿಗೂ ಹುರುಪು ಬಂತು.

೧. ಗಚ್ಚಿಯ ಮೇಲೆ ತಾಲೀಮು

ಹೊಸ ತಂಬು ಬಿಚ್ಚಿ ಕಟ್ಟುವುದು ರೂಢಿಯಾಗಲಿ ಎಂದು ಮನೆಯ ಮೇಲಿನ ಗಚ್ಚಿಯಲ್ಲಿ ಹಾಕಿ, ನಾಲ್ವರೂ ಒಳಗೆ ಅಡ್ಡಾದೆವು. ಪಕ್ಕದ ಮನೆಯ ಕಾಕು ಹಪ್ಪಳ ಒಣಹಾಕಲು ಬಂದವರು ಬಗ್ಗಿ ನೋಡಿದರು. ಮನೆಗೆ ಪಾವ್ಹಣ್ಯಾರು, ನೆಂಟರು ಬಂದು ಜಾಗ ಸಾಲದಾಗಿದೆಯೇನು, ನಮ್ಮಲ್ಲಿ ಒಂದು ಖೋಲಿ ಖಾಲಿ ಇದೆ ಎಂದರು. ಹಾಗೇನಿಲ್ಲ ಕಾಕು, ಹೊರಗೆ ಹೋಗಿ ಮಲಗಬೇಕು, ಅದಕ್ಕೆ ಪ್ರಾಕ್ಟೀಸು ಎಂದೆ.

ಕಾಕು ಹಪ್ಪಳದ ತಟ್ಟೆ ಕೆಳಗಿಟ್ಟರು. “ಮಲಗೂದು ಈಗ ಕಲ್ಯಾಕತ್ತೀರೇನ? ಮತ್ತ ಇಷ್ಟ ವರ್ಷ ಹೆಂಗ ಮಲಗಿದ್ರಿ?”

೨. ಎಲ್ಲರೂ ಆಕಾಶ ನೋಡಿದ್ದು

ಅಕ್ಕಲಕೋಟ ದಾಟಿ ಕುರನೂರ ಡ್ಯಾಮಿನ ಹತ್ತಿರ ಒಂದು ಹೊಲದ ಅಂಚಿನಲ್ಲಿ ಕಾರು ನಿಲ್ಲಿಸಿದೆವು. ಹೊಲದ ಮಾಲೀಕ ಕುರಿ ಸಾಕಿದವನು, ಸಂಭಾವಿತ ಮನುಷ್ಯ. ಎಲ್ಲಿ ಬೇಕಾದರೂ ತಂಬು ಹಾಕಿಕೊಳ್ಳಿ ಎಂದ. ಮಳೆ ಬಂದೀತೇ ಎಂದು ನಾನು ಕೇಳಿದೆ. ನಮ್ಮವರು ಮೊಬೈಲ್ ನೋಡಿ ಬರುವುದಿಲ್ಲ ಎಂದರು. ಕುರಿಯವನು ಆಕಾಶ ನೋಡಿ ಬರುವುದಿಲ್ಲ ಎಂದ. ಅವನ ತಾಯಿ, ಬರೋ ಹಾಗಿದ್ದರೆ ನಾನು ಜೋಳ ಒಣಗಲು ಯಾಕೆ ಹರವುತ್ತಿದ್ದೆ ಎಂದಳು. ಶೇರೂ ಒಬ್ಬನೇ ಹೋಗಿ ಕಾರಿನ ಕೆಳಗೆ ಮಲಗಿದ. ಅವನು ಎಲ್ಲಿ ಹೋದರೂ ಕಾರಿನ ಕೆಳಗೇ ಮಲಗುವವನಾದ್ದರಿಂದ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎಳೆದು ತಂದು, ಮತ್ತೆ ಹೋಗದಿರಲಿ ಎಂದು ನಮ್ಮವರು ಅವನ ಹಗ್ಗವನ್ನು ತಂಬಿಗೇ ಕಟ್ಟಿದರು.

ಚಹಾ ಕುದಿಯುವ ಮೊದಲೇ ಗಾಳಿ ಎದ್ದಿತು. ಪಾತ್ರೆಯಲ್ಲಿ ಚಹಾಕ್ಕಿಂತ ಮಳೆ ನೀರೇ ಜಾಸ್ತಿಯಾಯಿತು. ನಮ್ಮವರು ಮೊಬೈಲ್ ಒರೆಸಿ ಇನ್ನೊಮ್ಮೆ ನೋಡಿ ಹೇಳಿದರು: “ಇದರಾಗ ಇನ್ನೂ ಬಿಸಲ ಐತಿ.”

೩. ತಂಬು ಓಡಿದ್ದು

ಒಂದು ಗುಡುಗಿಗೆ ಶೇರೂ ಹಾರಿದ. ಗೂಟ ಕಿತ್ತು ಬಂದವು. ಮುಂದೆ ಶೇರೂ, ಹಿಂದೆ ನೀಲಿ ತಂಬು, ಅದರ ಹಿಂದೆ ಬೊಗಳುತ್ತ ಮೋತಿ, ಕೊನೆಗೆ ಕೆಸರಿನಲ್ಲಿ ನಾವಿಬ್ಬರು. ಮಳೆಯಲ್ಲಿ ಮುಂದಿನದು ಕಾಣಿಸುತ್ತಿರಲಿಲ್ಲ. ನೀರಿನ ಕಡೆಗೆ ಹೋದನೋ ಏನೋ ಎಂದು ಅವನ ಹೆಸರು ಹಿಡಿದು ಕೂಗಿದೆ. ಕೂಗಿ ಕೂಗಿ ಗಂಟಲು ಹೋಯಿತು. ತಂಬು ಜಾಲಿ ಗಿಡಕ್ಕೆ ಸಿಕ್ಕಿತ್ತು, ಹಗ್ಗ ಹರಿದಿತ್ತು, ಮೋತಿ ಅಲ್ಲೇ ನಿಂತು ಬೊಗಳುತ್ತಿದ್ದಳು, ಶೇರೂ ಇರಲಿಲ್ಲ. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಅಷ್ಟರಲ್ಲಿ ಕುರಿಯವನು ಬಂದು ನಮ್ಮವರ ಕೈ ಹಿಡಿದು ಇಬ್ಬರನ್ನೂ ತನ್ನ ತಗಡಿನ ಮನೆಗೆ ಕರೆದೊಯ್ದ. ಕುರಿಗಳೆಲ್ಲ ಒಳಗೆ ಒತ್ತಾಗಿ ನಿಂತಿದ್ದವು. ನಡುವೆ ಒಂದು ಕುರಿಯ ಹೊಟ್ಟೆಯ ಕೆಳಗೆ ಮುಖ ಹುದುಗಿಸಿ ಶೇರೂ ನಡುಗುತ್ತಿದ್ದ. ನಮ್ಮಿಂದ ತ್ರಾಸಾಯಿತು, ತಪ್ಪು ತಿಳಿಯಬೇಡಿ ಎಂದು ನಮ್ಮವರು ಕುರಿಯವನಿಗೆ ಕೈ ಮುಗಿದರು.

“ತ್ರಾಸ ಎಲ್ಲೀದ್ರಿ? ಆ ನೀಲಿದು ಬರೂದ ನೋಡಿ ಕುರಿ ತಾವ ಓಡಿ ಒಳಗ ಹೊಕ್ಕಾವ. ದಿನಾ ಸಂಜಿಕ ಇಂವನ್ನ ಕಳಸ್ರಿ.”

೪. ಕಂಬಳಿಯೊಳಗಿನ ದನಿ

ಕುರಿಯವನ ತಾಯಿ ಬಿಸಿ ಜೋಳದ ಭಾಕರಿ, ನೆಂಚಿಕೊಳ್ಳಲು ಖಾರದ ಶೇಂಗಾ ಹಿಂಡಿ ಕೊಟ್ಟಳು. ಒಲೆಯ ಹತ್ತಿರ ಕೂತು ತಿಂದೆವು. ಅಷ್ಟು ರುಚಿಯಾದ ಊಟ ನಾನು ಯಾವ ಹೋಟೆಲಿನಲ್ಲೂ ಉಂಡಿಲ್ಲ. ಮಳೆ ನಿಲ್ಲುವ ಲಕ್ಷಣವಿಲ್ಲ, ತಂಬು ಚಿಂದಿ. ಮನೆಗೆ ಹೋಗುವುದೆಂದು ನಿಶ್ಚಯವಾಯಿತು. ಶೇರೂ ಮಾತ್ರ ಏಳಲೊಲ್ಲ. ಕೊನೆಗೆ ಆಕೆ ಹೊದಿಸಿದ್ದ ಕಂಬಳಿ ಸಮೇತ ಗಂಡಸರಿಬ್ಬರೂ ಅವನನ್ನು ಎತ್ತಿ ಕಾರಿನ ಹಿಂದೆ ಹಾಕಿದರು. ನೆನೆದು ತೂಕ ಹೆಚ್ಚಾಗಿದ್ದಾನೆ ಎಂದು ನಮ್ಮವರು ಸೊಂಟ ನೀವಿಕೊಂಡರು.

ಅಕ್ಕಲಕೋಟದಲ್ಲಿ ಚಹಾಕ್ಕೆ ನಿಂತು, ಹಿಂದಕ್ಕೆ ಬಿಸ್ಕೀಟು ಹಿಡಿದೆ. ಮೋತಿ ಬೊಗಳಿದಳು. ಕಂಬಳಿಯೊಳಗಿಂದ “ಮ್ಯಾ” ಅಂತ ಬಂತು.

ನಮ್ಮವರು ತಿರುಗಿಯೂ ನೋಡಲಿಲ್ಲ. “ಥಂಡಿ ಹತ್ತೈತಿ ಅವಂಗ. ದನಿ ಕುಂತೈತಿ.”

ನಾನು ಕಂಬಳಿ ಸರಿಸಿದೆ. ಶೇರೂನ ಮುಂಗಾಲುಗಳ ನಡುವೆ ಒಂದು ಬಿಳಿ ಕುರಿಮರಿ ಬೆಚ್ಚಗೆ ಕೂತು ನನ್ನನ್ನು ನೋಡುತ್ತಿತ್ತು. ಅವನು ಜನ್ಮದಲ್ಲಿ ಮೊದಲ ಸಲ ನನಗೆ ಗುರ್ ಅಂದ.

ಚಹಾ ಬಿಟ್ಟು ಕಾರು ತಿರುಗಿಸಿದೆವು. ಮಳೆಯಲ್ಲೇ ತಾಯಿ ಮಗ ಇಬ್ಬರೂ ಮರಿ ಹುಡುಕುತ್ತ ರಸ್ತೆವರೆಗೆ ಬಂದಿದ್ದರು. ನಾನು ನಾಚಿಕೆಯಿಂದ ಮರಿಯನ್ನು ಆಕೆಯ ಕೈಗಿಟ್ಟೆ. ಮುದುಕಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಿಟಕಿಯಲ್ಲಿ ಮುಖ ಇಳಿಸಿ ಕೂತಿದ್ದ ಶೇರೂನತ್ತ ಬೆರಳು ಮಾಡಿದಳು.

“ತ್ವಾಳ ಬಂದು ಕುರಿ ಒಯ್ದದ್ದು ಭಾಳ ನೋಡೀನಿ, ತಾಯಿ. ಕಾರ್ ಮಾಡಕೊಂಡು ಬಂದು ಒಯ್ದದ್ದು ಇವತ್ತ ನೋಡಿದೆ.”