ಅಡ್ಜಸ್ಟಿನ ಹುಟ್ಟು

ಎಲ್ಲಕ್ಕೂ ಮೂಲ ಯಜಮಾನರ ಇಂಗ್ಲಿಷ್ ಹುಚ್ಚು. ಕುರ್ಚಿ, ಮಂಚ ಮಾರುವ ಅವರ ಅಂಗಡಿಯಲ್ಲಿ ಪ್ರತಿ ಸೋಮವಾರ ಬಾಗಿಲು ತೆರೆಯುವ ಮುಂಚೆ ಒಬ್ಬ ನೌಕರ ಎದ್ದು ನಿಂತು ಒಂದು ಇಂಗ್ಲಿಷ್ ಪದದ ಹುಟ್ಟು, ಬೆಳವಣಿಗೆ ಹೇಳಬೇಕು. ಈ ವಾರದ ಸರದಿ ಕಡ್ಡಿಯದು. ಆಳು ಅಷ್ಟು ಸಣಕಲು, ಅದಕ್ಕೇ ಆ ಹೆಸರು.

"ಚೆನ್ನಾಗಿ ಹೇಳಿದ್ರೆ ಬಿಲ್ ಕೌಂಟರ್ ಕೆಲಸ ನಿಂಗೇ ಪರ್ಮನೆಂಟು. ಇಲ್ದಿದ್ರೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ" ಎಂದಿದ್ದರು ಯಜಮಾನರು.

ದಿನವಿಡೀ ನಿಂತು ನಿಂತು ಕಡ್ಡಿಯ ಕಾಲು ಬಾತುಹೋಗಿತ್ತು. ಬಿಲ್ ಕೌಂಟರಿಗೆ ಒಂದು ಕುರ್ಚಿ ಇತ್ತು. ಅದು ಅವನ ಕನಸಿನಲ್ಲೂ ಬರುತ್ತಿತ್ತು.

ಅವನು ಆರಿಸಿಕೊಂಡ ಪದ 'ಅಡ್ಜಸ್ಟ್'. ದಿನಾ ಕೇಳುವ ಪದ, ನಾಲಗೆ ತೊಡರುವುದಿಲ್ಲ ಎಂಬ ಧೈರ್ಯ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಶುರು ಮಾಡಿದ್ದೇ ತಡ, ಅತ್ತಿಗೆ ಬಂದು ಕನ್ನಡಿ ಕಿತ್ತುಕೊಂಡರು.

"ಮಗೂಗೆ ಜಡೆ ಹಾಕ್ಬೇಕಪ್ಪ. ನೀನು ಕಿಟಕಿ ಗಾಜಲ್ಲಿ ಅಡ್ಜಸ್ಟ್ ಮಾಡ್ಕೋ."

ಕಿಟಕಿಗೆ ಬಂದರೆ ಆಚೆ ಪಕ್ಕದ ಮನೆ ಮಾಮ.

"ಯಾರ ಹತ್ರನೋ ಮಾತು? ಹೆಣ್ಣು ನೋಡೋಕೆ ಹೊರಟ್ಯಾ?"

"ಅಡ್ಜಸ್ಟ್ ಅನ್ನೋ ಪದದ ಬಗ್ಗೆ ಹೇಳ್ಬೇಕು ಮಾಮ."

"ನನ್ನ ಕೇಳು. ಮದುವೆ ಆದಾಗಿಂದ ನಾನು ಮಾಡಿರೋದು ಅದೊಂದೇ."

"ಮಾಡಿದ್ದು ಅವರಲ್ಲ ಕಣಪ್ಪ, ನಾನು" ಎಂದಿತು ಒಳಗಿನಿಂದ ಅತ್ತೆಯ ದನಿ.

ಬಸ್ಸಿನಲ್ಲಿ ಪುಣ್ಯಕ್ಕೆ ಸೀಟು ಸಿಕ್ಕಿತು. ಆದರೆ ಮುಂದಿನ ನಿಲ್ದಾಣದಲ್ಲಿ ಒಬ್ಬ ದಢೂತಿ ಆಸಾಮಿ ಹತ್ತಿದ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಎಂದವನೇ ಸಿಮೆಂಟ್ ಮೂಟೆ ಇಳಿಸಿದಂತೆ ಕೂತ. ಕಡ್ಡಿಗೆ ಉಳಿದದ್ದು ಸೀಟಿನ ತುದಿ. ತಿರುವು ಬಂದಾಗಲೆಲ್ಲ ಬೀಳದಂತೆ ಒಂದು ಕಾಲನ್ನು ನೆಲಕ್ಕೆ ಊರಿಕೊಂಡು ಪಾಠ ಒಪ್ಪಿಸತೊಡಗಿದ.

"ಏನ್ ಸಾರ್, ಜಪ ಮಾಡ್ತಿದ್ದೀರಾ?" ಎಂದ ದಢೂತಿ.

ಕೇಳುವವರು ಸಿಕ್ಕಿದ್ದೇ ಹೆಚ್ಚು. ಕಡ್ಡಿ ಕಟ್ಟೆ ಒಡೆದ ಕೆರೆಯಾದ. "ಮೊದಮೊದಲು ಇದಕ್ಕೆ ಹತ್ತಿರಕ್ಕೆ ತರೋದು ಅಂತ ಅರ್ಥ. ಆಮೇಲೆ ಜನ ಇದನ್ನ 'ಜಸ್ಟ್', ಅಂದ್ರೆ ನ್ಯಾಯ ಅನ್ನೋ ಅರ್ಥದ ಇನ್ನೊಂದು ಪದದ ನೆಂಟ ಅಂದ್ಕೊಂಡ್ರು, ಸರಿಪಡಿಸೋದು ಅಂತಾಯ್ತು. ಈಗ ನಮ್ಮಲ್ಲಿ, ಬಾಯ್ಮುಚ್ಕೊಂಡು ಸಹಿಸ್ಕೊಳ್ಳೋದು."

"ಭಲೇ. ಎಲ್ಲಿ ಹೇಳ್ಬೇಕು ಇದನ್ನ?"

ಅಂಗಡಿ ಯಾವುದು, ಯಾವ ಬೀದಿ, ಕೆಲಸ ಎಂಥದು, ಯಜಮಾನರಿಗೆ ಎಂಥ ಮಾತು ಹಿಡಿಸುತ್ತದೆ ಎಲ್ಲವನ್ನೂ ಕಡ್ಡಿ ಹೇಳಿದ. ದಢೂತಿ ತಲೆದೂಗುತ್ತ ಕೇಳಿ, ಕಡ್ಡಿ ಇಳಿಯಬೇಕಿದ್ದ ನಿಲ್ದಾಣದಲ್ಲಿ ತಾನೇ ಮೊದಲು ಇಳಿದುಹೋದ. ಹತ್ತುವವರ ನೂಕುನುಗ್ಗಲಿಗೆ ಸಿಕ್ಕಿದ ಕಡ್ಡಿ ಮುಂದಿನ ನಿಲ್ದಾಣಕ್ಕೆ ಹೋಗಿ ಬಿದ್ದ.

ಓಡಿ ಬಂದು ಏದುಸಿರು ಬಿಡುತ್ತ ಅಂಗಡಿ ಹೊಕ್ಕರೆ ಯಜಮಾನರ ಪಕ್ಕದಲ್ಲಿ ಅದೇ ದಢೂತಿ ಚಹಾ ಕುಡಿಯುತ್ತ ಕೂತಿದ್ದ.

"ಶುರು ಮಾಡಪ್ಪ" ಎಂದರು ಯಜಮಾನರು.

ಕಡ್ಡಿ ಒಂದಕ್ಷರ ತಪ್ಪಲಿಲ್ಲ. ಮುಗಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ದಢೂತಿಯೇ.

"ಭೇಷ್" ಎಂದರು ಯಜಮಾನರು. "ಇವರು ಈಗ ತಾನೇ ಬಂದು ಕೆಲಸ ಕೇಳಿದ್ರು. ಒಳ್ಳೇ ಮಾತುಗಾರರು. ಇರೋದೊಂದು ಜಾಗ, ಯಾರನ್ನ ಬಿಡ್ಲಿ ಅಂತ ತಲೆ ಕೆಟ್ಟಿತ್ತು. ನೀನೇ ದಾರಿ ತೋರಿಸ್ದೆ ನೋಡು, ಹತ್ತಿರಕ್ಕೆ ತರೋದು. ಇಬ್ರೂ ಪರ್ಮನೆಂಟು. ಕೆಲಸ, ಸಂಬಳ ಎಲ್ಲಾ ಹಂಚ್ಕೊಳ್ಳಿ."

"ಸಾರ್, ಕುರ್ಚಿ ಒಂದೇ ಇದೆಯಲ್ಲ" ಎಂದ ಕಡ್ಡಿ, ಅಂಗಡಿಯ ತುಂಬ ಸಾಲಾಗಿ ನಿಂತ ಕುರ್ಚಿಗಳನ್ನು ನೋಡುತ್ತ.

"ಅವು ಮಾರೋಕಪ್ಪ, ಕೂರೋಕಲ್ಲ."

ದಢೂತಿ ಆಗಲೇ ಬಿಲ್ ಕೌಂಟರಿನ ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ಉಳಿದ ತುದಿಯನ್ನು ಪ್ರೀತಿಯಿಂದ ತಟ್ಟಿ, "ಬನ್ನಿ ಸಾರ್, ನಿಮ್ಮದೇ ಜಾಗ" ಎಂದ.

ಕಡ್ಡಿ ಹೋಗಿ ಕೂತ. ಅಂಗಡಿ ಯಾವ ತಿರುವಿನಲ್ಲೂ ವಾಲುವುದಿಲ್ಲ ಎಂದು ಗೊತ್ತಿದ್ದರೂ ಒಂದು ಕಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿಕೊಂಡ.