ಅತ್ತಿಗೆಯ ಪಿಸ್ತೂಲಿಗೆ ಬಿದ್ದ ಎರಡು ಹನಿ

ಭಾನುವಾರ, ಸಂಜೆ ನಾಲ್ಕೂವರೆ. ಸ್ಥಳ: ಮರವಂತೆಯಲ್ಲಿರುವ ಅಣ್ಣನ ಮನೆಯ ಚಾವಡಿ. ಹಾಜರಿದ್ದವರು: ಅತ್ತಿಗೆ, ಅಣ್ಣ, ನಾನು ಮತ್ತು ಒಂದು ಪಿಸ್ತೂಲು. ಪಿಸ್ತೂಲನ್ನು ಮೊದಲು ಹೇಳಬೇಕಿತ್ತು. ಆ ಮನೆಯಲ್ಲಿ ಹಿರಿತನ ಅದರದೇ!

ಅರವತ್ತು ದಾಟಿದ ನಮ್ಮ ಅತ್ತಿಗೆ ದಿನವೂ ಗುಂಡು ಹಾರಿಸುತ್ತಾರೆ ಎಂದರೆ ನೀವು ಹೌಹಾರಬೇಡಿ. ಅದು ಸ್ಪರ್ಧೆಯ ಏರ್ ಪಿಸ್ತೂಲು. ಅಣ್ಣನ ಮುಚ್ಚಿದ ಗೋಡಂಬಿ ಗೋದಾಮಿನಲ್ಲಿ ಹತ್ತು ಮೀಟರ್ ದೂರದಲ್ಲಿ ಒಂದು ಕಾಗದ. ಈವರೆಗೆ ಸತ್ತದ್ದು ಕಾಗದ ಮಾತ್ರ. ಮಾರನೆಯ ದಿನ ಮಂಗಳೂರಿನಲ್ಲಿ ರಾಜ್ಯಮಟ್ಟಕ್ಕೆ ಆಯ್ಕೆ ಇತ್ತು. ಹಿಂದೆ ಎರಡು ಸಲ ಕೂದಲೆಳೆಯಲ್ಲಿ ತಪ್ಪಿತ್ತು. "ಇದೇ ಕಡೆ ಸಲ" ಎಂದಿದ್ದರು ಅತ್ತಿಗೆ. ಏಕೆಂದು ಹೇಳಿರಲಿಲ್ಲ.

ನನಗೆ ಬೆರಗು ಹುಟ್ಟಿಸುವುದು ಅವರು ಇಡುವ ಗುರಿಯಲ್ಲ, ಗುಂಡು ಹಾರಿಸಿದ ಮೇಲೆ ಪಿಸ್ತೂಲಿಗೆ ಮಾಡುವ ಆರೈಕೆ. ನಾನು ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು. ಊರಿನ ಅರ್ಧ ಜನರ ಉಗುರು ತಪಾಸಣೆ ಮಾಡಿದ್ದೇನೆ. ಅತ್ತಿಗೆಯ ಮುಂದೆ ನಾನು ಬರೀ ಸೋಮಾರಿ!

ಮೊದಲು ಕಡಲ ಕಡೆಯ ಕಿಟಕಿ ಮುಚ್ಚಬೇಕು. ಆ ಕಿಟಕಿಯ ಸರಳುಗಳನ್ನು ಉಪ್ಪುಗಾಳಿ ತಿಂದು ಮುಗಿಸಿದೆ, ಪಿಸ್ತೂಲಿನ ಮೇಲೆ ಮಾತ್ರ ತುಕ್ಕಿನ ಚುಕ್ಕೆಯೂ ಇಲ್ಲ. ಆಮೇಲೆ ಪಿಸ್ತೂಲಿನ ಬಾಯನ್ನು ಗೋಡೆಗೆ ತಿರುಗಿಸಿ, ಒಳಗೆ ಗುಂಡು ಉಳಿದಿಲ್ಲವೆಂದು ಕಣ್ಣಾರೆ ಕಂಡು, ನಳಿಗೆಯಲ್ಲಿ ಮೆತ್ತನೆಯ ಬಟ್ಟೆ ಎಳೆದು, ಅಂಗೈ ಬೆವರು ತಾಗಿದಲ್ಲೆಲ್ಲ ಒರೆಸಬೇಕು. ಇದು ಮುಗಿಯುವವರೆಗೆ ಚಹಾ ಇಲ್ಲ, ಮಾತಿಲ್ಲ. ಒಮ್ಮೆ ಮದುವೆ ಕರೆಯಲು ಬಂದ ನೆಂಟರಿಗೆ ಅತ್ತಿಗೆ ತಲೆ ಎತ್ತದೆ, "ಕೂಕಣಿ. ಇದ್ರ ಬಾಯಿ ಎದ್ರು ಮಾತ್ರ ಹಾಯ್ಬೇಡಿ" ಎಂದರು. ಮದುವೆಯ ಕರೆಯೋಲೆ ಹೊಸ್ತಿಲ ಮೇಲಿತ್ತು, ನೆಂಟರು ಹೆದ್ದಾರಿಯ ಮೇಲಿದ್ದರು!

ಕೊನೆಗೆ ಟ್ರಿಗರಿನ ಪರೀಕ್ಷೆ. ಅದಕ್ಕೆ ಅರ್ಧ ಕಿಲೋ ತೂಕ ನೇತುಹಾಕಿ ಪಿಸ್ತೂಲನ್ನು ಮೇಲೆತ್ತಿದಾಗ ಟ್ರಿಗರ್ ಬಿಟ್ಟುಕೊಳ್ಳಬಾರದು. ಬಿಟ್ಟರೆ ಸ್ಪರ್ಧೆಯಿಂದ ಹೊರಗೆ. ಅತ್ತಿಗೆ ಎತ್ತಿದರು. ಟಕ್! ಬಿಟ್ಟೇಬಿಟ್ಟಿತು. ಇನ್ನೊಮ್ಮೆ. ಟಕ್! ಅತ್ತಿಗೆ ಪಿಸ್ತೂಲನ್ನು ಮೂಸಿದರು.

"ಹ್ವಾಯ್, ಇದ್ಕೆ ಎಂತ ಹಾಕ್ದ್ರಿ?"

ಅಣ್ಣ ಮಾಡಿನ ಹಂಚು ನೋಡತೊಡಗಿದ. "ಎಂತ ಇಲ್ಲ."

"ತೆಂಗಿನೆಣ್ಣಿ ಪರಿಮಳ ಬತ್ತಾ ಇತ್ತ್."

"ಎರಡೇ ಹನಿ ಮಾರಾಯ್ತಿ! ಗಾಣದ್ ಎಣ್ಣಿ, ಒಳ್ಳೇದ್!"

ಅಲ್ಲವೇ ಮತ್ತೆ? ಕಿರುಗುಟ್ಟುವ ಗೇಟಿಗೆ, ಮಗುವಿನ ನೆತ್ತಿಗೆ, ಒಡೆದ ಹಿಮ್ಮಡಿಗೆ ನಾವು ಹಾಕುವುದು ಅದನ್ನೇ. ಪಿಸ್ತೂಲೇನು ದೇವಲೋಕದಿಂದ ಇಳಿದದ್ದೇ?

"ಇವತ್ತ್ ಜಾರ್ತಿತ್ತ್" ಎಂದರು ಅತ್ತಿಗೆ. "ನಾಳೆ ಮಂಗ್ಳೂರಲ್ಲಿ ಎಸಿ ಚಳಿಗೆ ಬೆಣ್ಣಿ ಹಾಂಗೆ ಗಟ್ಟಿ ಆತ್ತ್. ನಾನ್ ಅಲ್ಲಿ ಗುಂಡ್ ಹೊಡುದಾ, ದೋಸಿ ಹೊಯ್ಯುದಾ?"

ನಾನು ನಕ್ಕೆ. ಅಣ್ಣ ನಗಲಿಲ್ಲ.

"ರಾತ್ರಿ ಎದ್ದ್ ಬೆರಳ್ ಹಿಡ್ಕಂಡ್ ಕೂಕಂತೆ ಅಲ್ದಾ ನೀನ್? ನಾನ್ ನಿದ್ರಿ ಮಾಡಿದ್ದೆ ಅಂದೇಳಿ ನೀನ್ ಅಂದ್ಕಂಡಿದ್ದೆ. ಟ್ರಿಗರ್ ಸಲೀಸಾದ್ರೆ ನೋವು ಕಮ್ಮಿ ಆತ್ತ್ ಅಂದೇಳಿ ಹಾಕ್ದೆ."

ಅತ್ತಿಗೆ ಟ್ರಿಗರ್ ಬಿಚ್ಚಿದರು. ಹತ್ತಿ ಸುತ್ತಿದ ಕಡ್ಡಿಯಿಂದ ಮೂಲೆಮೂಲೆ ಒರೆಸಿದರು. ಸೂಜಿಯ ಮೊನೆಯಲ್ಲಿ ಪಿಸ್ತೂಲಿನದೇ ಎಣ್ಣೆ ಮುಟ್ಟಿಸಿ, ಮತ್ತೆ ಜೋಡಿಸಿ, ತೂಕ ನೇತುಹಾಕಿ ಎತ್ತಿದರು. ತೂಕ ಎದ್ದಿತು, ಟ್ರಿಗರ್ ಬಿಡಲಿಲ್ಲ. ಇನ್ನೊಮ್ಮೆ. ಬಿಡಲಿಲ್ಲ. ಗಾಳಿಯ ಸಿಲಿಂಡರ್ ಕಳಚಿ ಪೆಟ್ಟಿಗೆಗೆ ಬೀಗ ಹಾಕಿದರು.

ಆಮೇಲೆ ಅಣ್ಣನ ಪಕ್ಕ ಕುಳಿತು, ಗಂಟು ಊದಿದ ತೋರುಬೆರಳನ್ನು ಅವನ ಅಂಗೈಯಲ್ಲಿಟ್ಟರು.

"ಎಣ್ಣಿ ಹಾಕು ಜಾಗ ಇದ್, ಅದಲ್ಲ. ಮೆಲ್ಲ ತಿಕ್ಕಿ."

ಅಣ್ಣ ಎರಡು ಹನಿ ತೆಂಗಿನೆಣ್ಣೆ ಹಾಕಿ ತಿಕ್ಕಿದ. ಅಂದಿನ ಕೊನೆಯ ಕೆಲಸ ಅದು. ಮುಗಿದಾಗ ಆರು ಗಂಟೆ ದಾಟಿತ್ತು.