ವೀಬೆಯ ನಾಟಕ ಮನೆ ಬಾಗಿಲಿಗೆ ಬಂದದ್ದು

"ಇನ್ನೊಂದೇ ತಿಂಗಳು ನೋಡ್ತಿರು, ಡೊಕ್ಕುಮ್ ಊರಲ್ಲೇ ನನ್ನಷ್ಟು ಖುಷಿಯಾಗಿರೋ ಮನುಷ್ಯ ಇನ್ನೊಬ್ಬ ಇರಲ್ಲ!" ಎಂದು ವೀಬೆ ಘೋಷಿಸಿದ.

"ಮೊದಲು ಕುರ್ಚಿ ಬಿಟ್ಟು ಏಳು," ಎಂದಳು ಹೆಂಡತಿ ರೆನ್ಸ್ಕೆ.

ಮೂವತ್ತು ವರ್ಷ ಕಾಲುವೆಯ ಸೇತುವೆ ಎತ್ತಿ ದೋಣಿಗಳಿಗೆ ದಾರಿ ಬಿಟ್ಟವನು ವೀಬೆ. ಈಗ ದೂರದಲ್ಲೆಲ್ಲೋ ಕೂತ ಯಾರೋ ಗುಂಡಿ ಒತ್ತಿದರೆ ಸೇತುವೆ ತಾನೇ ಏಳುತ್ತದೆ. ನಿವೃತ್ತನಾದ ಎಂಟು ತಿಂಗಳಿಂದ ಅವನು ಕಿಟಕಿಯಲ್ಲಿ ಮೋಡ ನೋಡುತ್ತ, ಮುಖವನ್ನೂ ಹಾಗೆಯೇ ಮಾಡಿಕೊಂಡು ಕೂತಿದ್ದ. ದಿನಾ ಅರ್ಧ ಗಂಟೆ ನಡೆಯಿರಿ, ನಾಲ್ಕು ಜನರ ಜೊತೆ ಬೆರೆಯಿರಿ ಎಂದಿದ್ದರು ಡಾಕ್ಟರು.

ಮೊದಲ ವಾರ ನಡೆಯಲು ಹೊರಟು ಎದುರುಗಾಳಿಗೆ ಏದುಸಿರಿನಲ್ಲೇ ಉತ್ತರ ಕೊಟ್ಟ. ಎರಡನೇ ವಾರ ಬಾಯಲ್ಲಿ ಸಿಳ್ಳೆ ಬಂತು! ಮೂರನೇ ವಾರ ಚೌಕದಲ್ಲಿ ಬೀದಿನಾಟಕದವರು ಸಿಕ್ಕರು. ತಂಡ ನಡೆಸುವ ಆಫ್ಕೆ ಅವನನ್ನು ನೋಡಿದ್ದೇ ತಡ, "ಗೊಣಗೋ ಗಂಡನ ಪಾತ್ರಕ್ಕೆ ನೀವೇ ಸರಿ! ಮೇಕಪ್ಪೂ ಬೇಡ!" ಎಂದಳು.

ಶನಿವಾರ ಮಧ್ಯಾಹ್ನ ನಾಟಕ ಹೊರಟಿತು. ವೀಬೆ ಕೈಗಾಡಿ ಎಳೆಯುತ್ತ ಗೊಣಗಬೇಕು, ಜನ ನಗಬೇಕು. ಎರಡು ಬೀದಿ ಸುಸೂತ್ರ. ಮೂರನೇ ಬೀದಿಯಲ್ಲಿ ಮಾತು ಮರೆತುಹೋಯಿತು! ಎದುರಿಗೆ ನೂರು ಕಣ್ಣು. ಏನಾದರೂ ಹೇಳಬೇಕಲ್ಲ ಎಂದು, ಮನೆಯಲ್ಲಿ ಕದ್ದು ಕೇಳಿಸಿಕೊಂಡಿದ್ದನ್ನೇ ಹೊರಗೆ ಬಿಟ್ಟ.

"ನನ್ನ ಹೆಂಡತಿ ದಿನಾ ಕೋಳಿಗೂಡಿಗೆ ಹೋಗಿ ನನ್ನ ಮೇಲೆ ದೂರು ಹೇಳ್ತಾಳೆ! 'ಇವತ್ತೂ ಆಲೂಗಡ್ಡೆ ಮೂಟೆ ಹಾಗೆ ಕೂತಿದಾನೆ ಕಣ್ರೇ' ಅಂತ ಅಳ್ತಾಳೆ. ಕೋಳಿಗಳು ಬೇಜಾರಾಗಿ ಮೊಟ್ಟೆ ಇಡೋದನ್ನೇ ನಿಲ್ಲಿಸಿವೆ!"

ಬೀದಿ ನಗೆಯಲ್ಲಿ ಉಕ್ಕಿತು. ವೀಬೆಗೆ ಅಮಲೇರಿತು. ಮೂಗೊರೆಸಿಕೊಂಡು, ಬಿಕ್ಕಿ, ರೆನ್ಸ್ಕೆಯ ಧ್ವನಿಯನ್ನೇ ಅಣಕಿಸಿದ. ಇನ್ನೊಂದು ಚಪ್ಪಾಳೆಗೆಂದು ತಲೆಯೆತ್ತಿದರೆ, ಬೇಕರಿ ಮುಂದೆ ಅವನಿಗಾಗಿ ಬಿಸಿ ಕಾಫಿ ಫ್ಲಾಸ್ಕ್ ಹಿಡಿದು ನಿಂತಿದ್ದಾಳೆ ರೆನ್ಸ್ಕೆ! ಅವಳು ಫ್ಲಾಸ್ಕನ್ನು ಮೆಲ್ಲಗೆ ಕಿಟಕಿಯ ಅಂಚಿನ ಮೇಲಿಟ್ಟು ಹೊರಟುಹೋದಳು.

"ರೆನ್ಸ್ಕೆ! ನಿಲ್ಲೇ!"

ವೀಬೆ ಓಡಿದ. ಕೈಗಾಡಿ ಬಿಡುವುದೂ ಮರೆತುಹೋಗಿತ್ತು. ಇದೂ ನಾಟಕವೇ ಎಂದುಕೊಂಡ ಜನ ಅವನ ಬೆನ್ನಿಗೆ ಓಡಿದರು. ತಂಡದಲ್ಲಿ ಅಕಾರ್ಡಿಯನ್ ನುಡಿಸುವವನು ಓಟಕ್ಕೆ ತಕ್ಕ ತಾಳವನ್ನೂ ಹಿಡಿದ!

ಮನೆ ಬಾಗಿಲು ಮುಚ್ಚಿತ್ತು. "ತಪ್ಪಾಯ್ತು ಕಣೇ!" ಎಂದ ವೀಬೆ. ಜೋರು ಚಪ್ಪಾಳೆ. "ಇದು ನಾಟಕ ಅಲ್ಲ, ಮನೆಗೆ ಹೋಗ್ರೋ!" ಎಂದು ಕಿರುಚಿದ. ಇನ್ನೂ ಜೋರು ಚಪ್ಪಾಳೆ!

ಕಿಟಕಿ ತೆರೆಯಿತು.

"ಕೋಳಿಗಳ ಹತ್ರ ನಾನ್ಯಾಕೆ ಅತ್ತೆ ಗೊತ್ತಾ ವೀಬೆ? ನಿನ್ನ ಮುಂದೆ ಅತ್ತರೆ ನೀನು ಇನ್ನಷ್ಟು ಕುಗ್ಗಿ ಹೋಗ್ತೀಯ ಅಂತ."

ಅಕಾರ್ಡಿಯನ್ ನಿಂತಿತು. ಜನ ಒಬ್ಬೊಬ್ಬರೇ ತಲೆ ತಗ್ಗಿಸಿ ಸರಿದರು. ವೀಬೆ ಮೆಟ್ಟಿಲ ಮೇಲೆ ಕುಸಿದು ಕೂತ. ಎಂಟು ತಿಂಗಳು ತಾನೊಬ್ಬನೇ ದುಃಖಿ ಎಂದುಕೊಂಡಿದ್ದನಲ್ಲ! ಒಂದು ದಿನವೂ 'ನೀನು ಹೇಗಿದೀಯ' ಎಂದು ಅವಳನ್ನು ಕೇಳಿರಲಿಲ್ಲ. ಕೇಳಿಸಿದ ಅಳುವನ್ನು ಊರಿಗೆ ನಗಲು ಹಂಚಿಬಿಟ್ಟಿದ್ದ.

ತುಂಬ ಹೊತ್ತಿನ ಮೇಲೆ ರೆನ್ಸ್ಕೆ ಹೊರಬಂದು, ಒಂದು ಮೊಳ ದೂರ ಬಿಟ್ಟು ಕೂತಳು.

"ಕ್ಷಮಿಸು ಅಂದ್ರೆ ಸಾಕಾಗಲ್ಲ, ಗೊತ್ತು," ಎಂದ.

"ಸಾಕಾಗಲ್ಲ."

ಅಷ್ಟರಲ್ಲಿ ಗಾಡಿ ಒಯ್ಯಲು ಆಫ್ಕೆ ಬಂದು, ಅಳುಕುತ್ತಲೇ, "ಮುಂದಿನ ಶನಿವಾರ...?" ಎಂದಳು.

"ನಾನಿನ್ನು ನಾಟಕದ ಕಡೆ ತಲೆ ಹಾಕಲ್ಲ," ಎಂದ ವೀಬೆ.

"ಬರ್ತಾನೆ," ಎಂದಳು ರೆನ್ಸ್ಕೆ. "ಮನೇಲಿ ಕೂತರೆ ಮತ್ತೆ ಮೋಡ ಕವಿಯುತ್ತೆ. ನಾನೂ ಬರ್ತೀನಿ. ಹೆಂಡತಿ ಪಾತ್ರ ನನಗೆ ಕೊಡಿ."

"ಹಾಗಾದ್ರೆ ವೀಬೆಗೆ?"

"ಗಾಡಿ ಎಳೆಯೋ ಕುದುರೆ ಪಾತ್ರ," ಎಂದಳು. "ಮಾತಾಡೋ ಕುದುರೆ ಅಲ್ಲ, ಮತ್ತೆ!"